ಟರ್ಮಿನಲ್ ಕೈಕೊಟ್ಟಾಗ ವಿಂಡೋ ಮುಚ್ಚಬೇಡಿ: ಎಸ್‌ಟಿಟಿವೈ ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಅಥವಾ ಮ್ಯಾಕ್ ಬಳಸುವವರಿಗೆ ಈ ಮೂರರಲ್ಲಿ ಒಂದಾದರೂ ಆಗಿಯೇ ಇರುತ್ತದೆ. ಯಾವುದೋ ಪ್ರೋಗ್ರಾಂ ಅರ್ಧಕ್ಕೆ ನಿಂತ ಮೇಲೆ ಟೈಪ್ ಮಾಡಿದ ಅಕ್ಷರಗಳೇ ಕಾಣಿಸುವುದಿಲ್ಲ. ಔಟ್‌ಪುಟ್ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತಾ ಹೋಗುತ್ತದೆ. ಇಲ್ಲವೇ, ಫೈಲ್ ಉಳಿಸುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿದಾಗ ಇಡೀ ಪರದೆ ಸ್ತಬ್ಧವಾಗುತ್ತದೆ. ಹೆಚ್ಚಿನವರು ಆಗ ವಿಂಡೋ ಮುಚ್ಚಿ ಹೊಸದು ತೆರೆಯುತ್ತಾರೆ. ಒಳಗೆ ಓಡುತ್ತಿದ್ದ ಕೆಲಸವೂ ಅದರ ಜೊತೆ ಹೋಗುತ್ತದೆ. ಅದರ ಅಗತ್ಯವೇ ಇಲ್ಲ. ಈ ಮೂರೂ ತೊಂದರೆಗೆ ಕಾರಣ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗಿನ ಕೆಲವು ಸ್ವಿಚ್‌ಗಳು. ಅವನ್ನು ಓದಲು, ತಿರುಗಿಸಲು ಇರುವ ಕಮಾಂಡ್ ಎಸ್‌ಟಿಟಿವೈ.

ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ರೋಮನ್ ಸಣ್ಣಕ್ಷರ ಬಳಸಿ. ಎಸ್‌ಟಿಟಿವೈ ಅಂದರೆ ಎಸ್, ಟಿ, ಟಿ, ವೈ ಎಂಬ ನಾಲ್ಕು ಅಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಸೆಟ್ಟಿಂಗ್ ಹೆಸರಿನ ಹಿಂದೆ ಅಡ್ಡಗೆರೆ ಇದ್ದರೆ ಅದು ಆಫ್, ಇಲ್ಲದಿದ್ದರೆ ಆನ್. ಉದಾಹರಣೆಗೆ 'ಎಕೋ' ಅಂದರೆ ಟೈಪ್ ಮಾಡಿದ್ದು ಕಾಣುತ್ತದೆ, '-ಎಕೋ' ಅಂದರೆ ಕಾಣುವುದಿಲ್ಲ.

ಮೊದಲು: ಕೀ ಮತ್ತು ಪ್ರೋಗ್ರಾಂ ನಡುವೆ ಯಾರಿದ್ದಾರೆ?

ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ನೀವು ಒಂದು ಕೀ ಒತ್ತಿದಾಗ ಅದು ಮೂರು ಕೈ ದಾಟುತ್ತದೆ. ಮೊದಲನೆಯದು ಪರದೆಯ ಮೇಲಿನ ವಿಂಡೋ, ಅಂದರೆ ಟರ್ಮಿನಲ್ ಎಮ್ಯುಲೇಟರ್. ಅದು ಕೀಯನ್ನು ಬೈಟ್‌ಗಳಾಗಿ ಬದಲಿಸುತ್ತದೆ. ಎರಡನೆಯದು ಕರ್ನಲ್ ಒಳಗಿನ ಲೈನ್ ಡಿಸಿಪ್ಲಿನ್ ಎಂಬ ಭಾಗ. ಬಂದ ಬೈಟನ್ನು ಪರದೆಗೆ ವಾಪಸ್ ತೋರಿಸಬೇಕೇ, ಸಾಲು ಮುಗಿಯುವವರೆಗೆ ಹಿಡಿದಿಡಬೇಕೇ, ಪ್ರೋಗ್ರಾಂಗೆ ಸಿಗ್ನಲ್ (ನಿಲ್ಲು ಎಂಬಂಥ ಸೂಚನೆ) ಕಳಿಸಬೇಕೇ ಎಂದು ತೀರ್ಮಾನಿಸುವುದು ಇದೇ. ಮೂರನೆಯದು ಪ್ರೋಗ್ರಾಂ: ಬ್ಯಾಷ್ (ನಿಮ್ಮ ಕಮಾಂಡ್ ಓದಿ ಓಡಿಸುವ ಶೆಲ್), ವಿಮ್ (ಪಠ್ಯ ಸಂಪಾದಕ), ಪೈಥಾನ್, ಏನಾದರೂ ಆಗಲಿ.

ಎಸ್‌ಟಿಟಿವೈ ಮುಟ್ಟುವುದು ನಡುವಿನ ಪದರವನ್ನು ಮಾತ್ರ. ಫಾಂಟ್, ಬಣ್ಣ ಮೊದಲ ಪದರದ ವಿಷಯ. ಬ್ಯಾಷ್‌ನ ಟ್ಯಾಬ್ ಒತ್ತಿದರೆ ಹೆಸರು ಪೂರ್ತಿಯಾಗುವುದು ಮೂರನೆಯದರ ಕೆಲಸ. ತೊಂದರೆ ಯಾವ ಪದರದ್ದು ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ನಡುವಿನ ಪದರ ಯಾಕೆ ಬಂತು? ಯೂನಿಕ್ಸ್ 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದಾಗ ಟರ್ಮಿನಲ್ ಅಂದರೆ ಟೆಲಿಟೈಪ್ ಯಂತ್ರ. ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರವನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಅಚ್ಚಿನ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲೆ ಸರಿಸಲು ಇನ್ನೊಂದು. ಪ್ರತಿಯೊಂದು ಪ್ರೋಗ್ರಾಮೂ ಇದನ್ನೆಲ್ಲ ನೋಡಿಕೊಳ್ಳುವ ಬದಲು ಕರ್ನಲ್ ತಾನೇ ಆ ಹೊಣೆ ಹೊತ್ತುಕೊಂಡಿತು. ಯಂತ್ರ ಹೋಯಿತು, ಪದರ ಉಳಿಯಿತು. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ 1988ರಲ್ಲಿ ಬಂದ ಪಾಸಿಕ್ಸ್ ಮಾನದಂಡದಲ್ಲಿ ಅದಕ್ಕೆ ಟರ್ಮಿಯೋಸ್ ಎಂಬ ಒಂದೇ ರೂಪ ಸಿಕ್ಕಿತು. ಹಾಗಾಗಿ ಮುಂದೆ ಹೇಳುವುದರಲ್ಲಿ ಬಹುಪಾಲು ಲಿನಕ್ಸ್, ಮ್ಯಾಕ್, ಬಿಎಸ್‌ಡಿ ಎಲ್ಲದರಲ್ಲೂ ನಡೆಯುತ್ತದೆ.

ಹಂತ 1: ಈಗ ಏನಿದೆ ನೋಡಿ, ಉಳಿಸಿಕೊಳ್ಳಿ

ಎಸ್‌ಟಿಟಿವೈ -ಎ

ಎಂದು ಕೊಡಿ. ಲಿನಕ್ಸ್‌ನಲ್ಲಿ ಮೊದಲ ಸಾಲು ಸುಮಾರಾಗಿ ಹೀಗಿರುತ್ತದೆ:

ಸ್ಪೀಡ್ 38400 ಬಾಡ್; ರೋಸ್ 24; ಕಾಲಮ್ಸ್ 80; ಲೈನ್ = 0;

ಪರದೆಯ ಮೇಲಿನ ವಿಂಡೋಗೆ ನಿಜವಾದ ತಂತಿಯೇ ಇಲ್ಲ, ಹಾಗಾಗಿ ವೇಗದ ಅಂಕಿಗೆ ಅರ್ಥವಿಲ್ಲ, ಬಿಟ್ಟುಬಿಡಿ. ರೋಸ್, ಕಾಲಮ್ಸ್ ಅಂದರೆ ವಿಂಡೋದ ಅಳತೆ. ನಂತರ ಕೀಗಳ ಪಟ್ಟಿ ಬರುತ್ತದೆ: ಐಎನ್‌ಟಿಆರ್ = ^ಸಿ, ಎರೇಸ್ = ^?, ಇಓಎಫ್ = ^ಡಿ, ಹೀಗೆ. ಟೊಪ್ಪಿ ಗುರುತು ಕಂಟ್ರೋಲ್ ಕೀಯನ್ನು ಸೂಚಿಸುತ್ತದೆ. ಕೊನೆಗೆ ಆನ್, ಆಫ್ ಸೆಟ್ಟಿಂಗ್‌ಗಳ ಉದ್ದನೆಯ ಸಾಲುಗಳು. ಅವು ನಾಲ್ಕು ಗುಂಪು: ತಂತಿಗೆ ಸಂಬಂಧಿಸಿದವು, ಒಳಬರುವ ಬೈಟಿನವು, ಹೊರಹೋಗುವ ಬೈಟಿನವು, ಸಾಲಿನ ನಡವಳಿಕೆಯವು. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ದಿನನಿತ್ಯಕ್ಕೆ ಬೇಕಾಗುವುದು ಹತ್ತು ಹನ್ನೆರಡು ಅಷ್ಟೇ.

ಏನನ್ನೂ ಬದಲಿಸುವ ಮೊದಲು ಈಗಿನ ಸ್ಥಿತಿಯನ್ನು ಉಳಿಸಿ:

ಓಲ್ಡ್=$(ಎಸ್‌ಟಿಟಿವೈ -ಜಿ)

-ಜಿ ಕೊಟ್ಟರೆ ಎಲ್ಲ ಸೆಟ್ಟಿಂಗೂ ಒಂದೇ ಉದ್ದನೆಯ ಸಾಲಾಗಿ ಬರುತ್ತದೆ. ಮನುಷ್ಯರು ಓದುವಂಥದ್ದಲ್ಲ, ಆದರೆ ಎಸ್‌ಟಿಟಿವೈ ಅದನ್ನೇ ವಾಪಸ್ ತೆಗೆದುಕೊಳ್ಳುತ್ತದೆ:

ಎಸ್‌ಟಿಟಿವೈ "$ಓಲ್ಡ್"

ಈ ಎರಡು ಸಾಲು ಕೈಯಲ್ಲಿದ್ದರೆ ಮುಂದಿನ ಯಾವ ಪ್ರಯೋಗವನ್ನೂ ಧೈರ್ಯವಾಗಿ ಮಾಡಬಹುದು.

ಹಂತ 2: ಎರಡು ವಿಂಡೋ ಪ್ರಯೋಗ

ಇದನ್ನು ದಯವಿಟ್ಟು ಓದಿ ಬಿಡಬೇಡಿ, ಮಾಡಿ ನೋಡಿ. ಟರ್ಮಿನಲ್ ಬಗ್ಗೆ ಇರುವ ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಎರಡು ವಿಂಡೋ ತೆರೆಯಿರಿ. ಮೊದಲನೆಯದರಲ್ಲಿ 'ಟಿಟಿವೈ' ಎಂದು ಕೊಡಿ. /ಡೆವ್/ಪಿಟಿಎಸ್/3 ಎಂಬಂಥ ಹೆಸರು ಬರುತ್ತದೆ. ಅದು ಆ ವಿಂಡೋದ ಸಾಧನದ ಹೆಸರು. ಈಗ ಎರಡನೆಯ ವಿಂಡೋದಿಂದ ಅದನ್ನು ನೋಡಿ:

ಎಸ್‌ಟಿಟಿವೈ -ಎ < /ಡೆವ್/ಪಿಟಿಎಸ್/3

ನಿಮ್ಮಲ್ಲಿ ಬಂದ ಅಂಕಿ ಹಾಕಿ. ಮೊದಲ ವಿಂಡೋದಲ್ಲಿ ಬ್ಯಾಷ್ ಪ್ರಾಂಪ್ಟ್ ಸುಮ್ನೆ ಕಾಯುತ್ತಿದ್ದರೆ ಇಲ್ಲಿ '-ಐಕ್ಯಾನನ್' ಮತ್ತು '-ಎಕೋ' ಕಾಣುತ್ತದೆ. ಐಕ್ಯಾನನ್ ಅಂದರೆ ಸಾಲು ಮುಗಿಯುವವರೆಗೆ ಹಿಡಿದಿಡುವ ಸ್ವಿಚ್. ಎಕೋ ಆಫ್ ಇದೆ, ಆದರೂ ಪ್ರಾಂಪ್ಟಿನಲ್ಲಿ ಟೈಪ್ ಮಾಡಿದ್ದು ಕಾಣುತ್ತದೆ ಅಲ್ವಾ? ಅದನ್ನು ತೋರಿಸುತ್ತಿರುವುದು ಕರ್ನಲ್ ಅಲ್ಲ, ಬ್ಯಾಷ್ ಒಳಗಿನ ರೀಡ್‌ಲೈನ್. ಬಾಣದ ಕೀ, ಹಳೆಯ ಕಮಾಂಡ್ ಹುಡುಕಾಟ ಎಲ್ಲ ಕೊಡಬೇಕಾದರೆ ರೀಡ್‌ಲೈನ್‌ಗೆ ಪ್ರತಿ ಕೀಯೂ ತಕ್ಷಣ ಕೈಗೆ ಸಿಗಬೇಕು. ಅದಕ್ಕಾಗಿ ಅದು ಕರ್ನಲ್‌ನ ನೆರವನ್ನು ಬೇಡ ಎನ್ನುತ್ತದೆ.

ಈಗ ಮೊದಲ ವಿಂಡೋದಲ್ಲಿ 'ಕ್ಯಾಟ್' ಕಮಾಂಡ್ (ಓದಿದ್ದನ್ನು ಹಾಗೇ ಬರೆಯುವ ಸರಳ ಪ್ರೋಗ್ರಾಂ) ಕೊಟ್ಟು ಹಾಗೇ ಬಿಡಿ. ಎರಡನೆಯದರಿಂದ ಮತ್ತೆ ನೋಡಿ. ಈ ಸಲ 'ಐಕ್ಯಾನನ್', 'ಎಕೋ' ಎರಡೂ ಆನ್. ಕಮಾಂಡ್ ಓಡಿಸುವ ಮೊದಲು ಬ್ಯಾಷ್ ಹಳೆಯ ಸ್ಥಿತಿಯನ್ನು ವಾಪಸ್ ಇಟ್ಟಿತು. ಒಂದೇ ವಿಂಡೋದಲ್ಲಿ ಎಸ್‌ಟಿಟಿವೈ ಓಡಿಸಿದಾಗ ನಿಮಗೆ ಯಾವಾಗಲೂ ಈ ಎರಡನೆಯ ಸ್ಥಿತಿಯೇ ಕಾಣುವುದು ಇದರಿಂದಲೇ.

ಸೆಟ್ಟಿಂಗ್ ಇರುವುದು ಸಾಧನದ ಮೇಲೆ, ಪ್ರೋಗ್ರಾಂ ಮೇಲೆ ಅಲ್ಲ. ಆ ಸಾಧನ ಬಳಸುವ ಎಲ್ಲ ಪ್ರೋಗ್ರಾಂಗಳೂ ಒಂದೇ ಸ್ವಿಚ್‌ಬೋರ್ಡ್ ಹಂಚಿಕೊಳ್ಳುತ್ತವೆ. ಒಂದು ಪ್ರೋಗ್ರಾಂ ಸ್ವಿಚ್ ತಿರುಗಿಸಿ ವಾಪಸ್ ಇಡದೆ ಹೋದರೆ ಮುಂದಿನದಕ್ಕೆ ಅದೇ ಗತಿ. ಬ್ಯಾಷ್ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಪ್ರೋಗ್ರಾಂ ಸಿಗ್ನಲ್‌ನಿಂದ ಸತ್ತರೆ ಹಳೆಯ ಸೆಟ್ಟಿಂಗನ್ನು ತಾನೇ ಮರಳಿಸುತ್ತದೆ. ಆದರೆ ಪ್ರೋಗ್ರಾಂ ತಾನಾಗಿ ಮುಗಿದರೆ, ಅದು ಎರರ್ ಕೊಟ್ಟು ಮುಗಿದರೂ ಸರಿ, ಬೇಕಂತಲೇ ಬದಲಿಸಿದೆ ಎಂದುಕೊಂಡು ಹಾಗೇ ಬಿಡುತ್ತದೆ. ಎಸ್‌ಟಿಟಿವೈ ಕೂಡ ಅಂಥದ್ದೇ ಒಂದು ಪ್ರೋಗ್ರಾಂ ತಾನೇ? ಬ್ಯಾಷ್‌ಗೆ ಎರಡರ ವ್ಯತ್ಯಾಸ ತಿಳಿಯಲು ದಾರಿಯಿಲ್ಲ.

ಹಂತ 3: ಕೀಗಳನ್ನು ನಿಮ್ಮ ಕೈಗೆ ಹೊಂದಿಸಿ

ಕಂಟ್ರೋಲ್-ಎಸ್‌ನಿಂದ ಶುರು ಮಾಡೋಣ, ಜಾಸ್ತಿ ಜನರನ್ನು ಕಾಡುವುದು ಅದೇ. 'ಐಎಕ್ಸ್‌ಆನ್' ಆನ್ ಇದ್ದರೆ ಕಂಟ್ರೋಲ್-ಎಸ್ ಔಟ್‌ಪುಟ್ ನಿಲ್ಲಿಸುತ್ತದೆ, ಕಂಟ್ರೋಲ್-ಕ್ಯೂ ಮತ್ತೆ ಬಿಡುತ್ತದೆ. ಓಡುವ ಪ್ರೋಗ್ರಾಂ ಸತ್ತಿರುವುದಿಲ್ಲ. ಬರೆಯಲು ಜಾಗ ತುಂಬಿದಾಗ ಕಾಯುತ್ತಾ ನಿಲ್ಲುತ್ತದೆ, ಅಷ್ಟೇ. ಈಗಿನ ವಿಂಡೋಗಳಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡಬಹುದು. ಹಾಗಾಗಿ ಇದನ್ನು ಆಫ್ ಮಾಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ:

ಎಸ್‌ಟಿಟಿವೈ -ಐಎಕ್ಸ್‌ಆನ್

ಇದರಿಂದ ಇನ್ನೊಂದು ಲಾಭವಿದೆ. ಬ್ಯಾಷ್‌ನಲ್ಲಿ ಕಂಟ್ರೋಲ್-ಆರ್ ಹಳೆಯ ಕಮಾಂಡ್‌ಗಳನ್ನು ಹಿಂದಕ್ಕೆ ಹುಡುಕಿದರೆ, ಕಂಟ್ರೋಲ್-ಎಸ್ ಮುಂದಕ್ಕೆ ಹುಡುಕುತ್ತದೆ. ಐಎಕ್ಸ್‌ಆನ್ ಆನ್ ಇರುವವರೆಗೆ ಆ ಕೀ ಬ್ಯಾಷ್ ತನಕ ಬರುವುದೇ ಇಲ್ಲ, ಕರ್ನಲ್ ದಾರಿಯಲ್ಲೇ ಹಿಡಿದುಬಿಡುತ್ತದೆ.

ಮುಂದೆ ಬ್ಯಾಕ್‌ಸ್ಪೇಸ್. ಅದನ್ನು ಒತ್ತಿದಾಗ ಅಳಿಸುವ ಬದಲು ^ಎಚ್ ಎಂದು ಮೂಡಿದರೆ ಅರ್ಥ ಇಷ್ಟೇ: ವಿಂಡೋ 8 ಎಂಬ ಬೈಟ್ ಕಳಿಸುತ್ತಿದೆ, ಕರ್ನಲ್ 127ಕ್ಕಾಗಿ ಕಾಯುತ್ತಿದೆ. ಎರಡೂ ಒಂದೇ ಮಾತಿಗೆ ಬರಬೇಕು:

ಎಸ್‌ಟಿಟಿವೈ ಎರೇಸ್ '^ಎಚ್'

ಅದರ ಬದಲು ^? ಮೂಡುತ್ತಿದ್ದರೆ '^?' ಎಂದು ಕೊಡಿ. ಉದ್ಧರಣ ಚಿಹ್ನೆ ಬಿಡಬೇಡಿ, ಪ್ರಶ್ನಾರ್ಥಕ ಚಿಹ್ನೆಗೆ ಶೆಲ್‌ನಲ್ಲಿ ಬೇರೆ ಅರ್ಥವಿದೆ. ಹಳೆಯ ಸರ್ವರ್‌ಗೆ ಲಾಗಿನ್ ಆದಾಗ, ಸೀರಿಯಲ್ ಕನ್ಸೋಲ್‌ನಲ್ಲಿ ಇದು ಸಾಮಾನ್ಯ.

ಸಿಗ್ನಲ್ ಕಳಿಸುವ ಕೀ ಮೂರು. ಕಂಟ್ರೋಲ್-ಸಿ 2ನೇ ಸಿಗ್ನಲ್ ಕಳಿಸುತ್ತದೆ, ಅದಕ್ಕೂ ಬಗ್ಗದ ಪ್ರೋಗ್ರಾಂಗೆ ಕಂಟ್ರೋಲ್ ಜೊತೆ ಹಿಂಬದಿ ಓರೆಗೆರೆ ಒತ್ತಿದರೆ 3ನೇ ಸಿಗ್ನಲ್ ಹೋಗುತ್ತದೆ. ಕಂಟ್ರೋಲ್-ಝಡ್ ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಯಾವುದಾದರೂ ಕೀ ಬೇಡ ಎನಿಸಿದರೆ ಅದಕ್ಕೆ 'ಅನ್‌ಡೆಫ್' ಕೊಡಿ:

ಎಸ್‌ಟಿಟಿವೈ ಸಸ್ಪ್ ಅನ್‌ಡೆಫ್

ಈಗ ಕಂಟ್ರೋಲ್-ಝಡ್ ಬರೀ ಒಂದು ಬೈಟ್. ಸಸ್ಪ್ ಬರೆಯುವುದು ಎಸ್, ಯು, ಎಸ್, ಪಿ ಎಂದು.

ಕಂಟ್ರೋಲ್-ಡಿ ಸಿಗ್ನಲ್ ಅಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ಅದು ಕರ್ನಲ್‌ಗೆ ಹೇಳುವುದು 'ಇಲ್ಲಿವರೆಗೆ ಸೇರಿದ್ದನ್ನು ಪ್ರೋಗ್ರಾಂಗೆ ಕೊಟ್ಟುಬಿಡು' ಎಂದು. ಸಾಲು ಖಾಲಿ ಇದ್ದರೆ ಸೊನ್ನೆ ಬೈಟ್ ಹೋಗುತ್ತದೆ. ಸೊನ್ನೆ ಬೈಟ್ ಸಿಕ್ಕರೆ ಇನ್‌ಪುಟ್ ಮುಗಿಯಿತು ಎಂದು ಪ್ರೋಗ್ರಾಂ ತಿಳಿದುಕೊಳ್ಳುತ್ತದೆ. ಸಾಲಿನ ನಡುವೆ ಇದ್ದಾಗ ಕಂಟ್ರೋಲ್-ಡಿ ಎರಡು ಸಲ ಒತ್ತಬೇಕಾಗುವುದು ಇದಕ್ಕೇ. ಮೊದಲನೆಯದು ಸೇರಿದ್ದನ್ನು ಕಳಿಸುತ್ತದೆ, ಎರಡನೆಯದು ಖಾಲಿ ಕಳಿಸುತ್ತದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಕಂಟ್ರೋಲ್-ಯು ಸಾಲನ್ನೇ ಅಳಿಸುತ್ತದೆ, ಕಂಟ್ರೋಲ್-ಡಬ್ಲ್ಯೂ ಒಂದು ಪದ. ಕಂಟ್ರೋಲ್-ವಿ ಒತ್ತಿದ ಮೇಲೆ ಬರುವ ಕೀಯನ್ನು ವಿಶೇಷ ಅರ್ಥವಿಲ್ಲದೆ ಹಾಗೇ ತೆಗೆದುಕೊಳ್ಳುತ್ತದೆ. ನಿಮ್ಮ ಕೀಬೋರ್ಡಿನ ಯಾವ ಕೀ ಏನು ಕಳಿಸುತ್ತದೆ ಎಂದು ನೋಡಲು ಇದು ಬಹಳ ಅನುಕೂಲ. ಮ್ಯಾಕ್ ಮತ್ತು ಬಿಎಸ್‌ಡಿಯಲ್ಲಿ ಕಂಟ್ರೋಲ್-ಟಿ ಓಡುತ್ತಿರುವ ಕೆಲಸದ ಸ್ಥಿತಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಅದಿಲ್ಲ.

ಹಂತ 4: ಕನ್ನಡ ಟೈಪ್ ಮಾಡುವವರು ನೋಡಲೇಬೇಕಾದ ಸ್ವಿಚ್

ಇಂಗ್ಲಿಷ್ ಮಾತ್ರ ಬಳಸುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ನಮಗೆ ಬೀಳುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರ ಒಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. 'ಕ್ಷಿ' ಎಂಬುದನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಕ, ವಿರಾಮ ಚಿಹ್ನೆ (ಅರ್ಧಾಕ್ಷರದ ಗುರುತು), ಷ, ಗುಡಿಸು: ಒಟ್ಟು ನಾಲ್ಕು ಚಿಹ್ನೆ, 12 ಬೈಟ್. ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಅಳಿಸಬೇಕು ಎಂದು ಕರ್ನಲ್‌ಗೆ ಹೇಳುವುದು ಐಯುಟಿಎಫ್8 ಎಂಬ ಸೆಟ್ಟಿಂಗ್. ಲಿನಕ್ಸ್‌ನಲ್ಲಿ ಇದು 2004ರ 2.6.4ನೇ ಆವೃತ್ತಿಯಿಂದ ಇದೆ.

ಪರೀಕ್ಷಿಸೋಣ. ಮೊದಲು ಆಫ್ ಮಾಡಿ:

ಎಸ್‌ಟಿಟಿವೈ -ಐಯುಟಿಎಫ್8
ಡಬ್ಲ್ಯೂಸಿ -ಸಿ

ಡಬ್ಲ್ಯೂಸಿ ಬೈಟ್ ಎಣಿಸುವ ಕಮಾಂಡ್. ಅದು ಕಾಯುತ್ತಿರುವಾಗ 'ಅಮ್ಮ' ಎಂದು ಟೈಪ್ ಮಾಡಿ ಎಂಟರ್, ನಂತರ ಕಂಟ್ರೋಲ್-ಡಿ. ಉತ್ತರ 13. ನಾಲ್ಕು ಚಿಹ್ನೆಗೆ 12, ಎಂಟರ್‌ಗೆ 1. ಮತ್ತೆ ಡಬ್ಲ್ಯೂಸಿ ಓಡಿಸಿ, 'ಅಮ್ಮ' ಬರೆದು, ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ ಎಂಟರ್, ಕಂಟ್ರೋಲ್-ಡಿ. ಉತ್ತರ 12. ಅಂದರೆ ಹೋಗಿದ್ದು ಒಂದೇ ಬೈಟ್. 'ಮ' ಮೂರರಲ್ಲಿ ಎರಡು ಬೈಟ್ ಉಳಿಸಿಕೊಂಡು ಕೆಟ್ಟು ಕೂತಿದೆ. ಈ ಸಾಲು ಫೈಲಿಗೋ ಡೇಟಾಬೇಸಿಗೋ ಹೋದರೆ ಅಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನೆ ಚಿಹ್ನೆಯಾಗಿ ಕಾಣಿಸಿಕೊಳ್ಳುತ್ತದೆ.

ಈಗ 'ಎಸ್‌ಟಿಟಿವೈ ಐಯುಟಿಎಫ್8' ಎಂದು ಆನ್ ಮಾಡಿ ಅದನ್ನೇ ಮಾಡಿ. ಉತ್ತರ 10. ಒಂದು ಪೂರ್ತಿ 'ಮ' ಹೋಯಿತು, ಉಳಿದದ್ದು ಸ್ವಚ್ಛ.

ಹಾಗಂತ ಎಲ್ಲ ಸರಿಯಾಯಿತು ಎಂದಲ್ಲ. ಪರದೆಯ ಮೇಲೆ ಅಳಿಸುವಾಗ ಲಿನಕ್ಸ್ ಕರ್ನಲ್ ಪ್ರತಿ ಚಿಹ್ನೆಗೂ ಒಂದು ಮನೆ ಹಿಂದೆ ಸರಿಯುತ್ತದೆ. ಗುಡಿಸು, ವಿರಾಮ ಚಿಹ್ನೆಗೆ ಪರದೆಯಲ್ಲಿ ಸ್ವಂತ ಮನೆ ಇರುವುದಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. 'ಕಿ' ಬರೆದು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದರೆ ಪರದೆಯಲ್ಲಿ ಇಡೀ 'ಕಿ' ಮಾಯವಾಗಬಹುದು, ಆದರೆ ಒಳಗೆ 'ಕ' ಇನ್ನೂ ಇರುತ್ತದೆ. ಅನುಮಾನ ಬಂದಾಗ ಕಂಟ್ರೋಲ್-ಆರ್ ಒತ್ತಿ. ಕರ್ನಲ್ ತನ್ನ ಬಳಿ ನಿಜವಾಗಿ ಇರುವ ಸಾಲನ್ನು ಹೊಸದಾಗಿ ಬರೆದು ತೋರಿಸುತ್ತದೆ. ಇದು ಕ್ಯಾಟ್, ಡಬ್ಲ್ಯೂಸಿಯಂಥ ಸರಳ ಪ್ರೋಗ್ರಾಂಗಳೊಳಗೆ. ಬ್ಯಾಷ್ ಪ್ರಾಂಪ್ಟಿನಲ್ಲಿ ಅದೇ ಕೀ ಹುಡುಕಾಟಕ್ಕೆ, ಏಕೆಂದರೆ ಅಲ್ಲಿ ಕೀ ಹಿಡಿಯುವುದು ರೀಡ್‌ಲೈನ್.

ಒತ್ತಕ್ಷರ ಒಡೆದು ಕಾಣುವುದು, ಒಂದರ ಮೇಲೊಂದು ಕೂರುವುದು ಎಲ್ಲ ವಿಂಡೋ ಮತ್ತು ಫಾಂಟಿನ ವಿಷಯ. ಎಸ್‌ಟಿಟಿವೈಯಿಂದ ಅದು ಸರಿಹೋಗುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಬೇರೆ ಯಂತ್ರಕ್ಕೆ ಹೋದಾಗ ಮಾತ್ರ ಐಯುಟಿಎಫ್8 ಇದೆಯೇ ನೋಡಿಕೊಳ್ಳಿ. ಈ ಸೆಟ್ಟಿಂಗನ್ನು ದೂರದ ಯಂತ್ರಕ್ಕೆ ದಾಟಿಸುವ ನಿಯಮ 2017ರಲ್ಲಷ್ಟೇ ಮಾನದಂಡದ ರೂಪದಲ್ಲಿ ಬಂತು. ಹಳೆಯ ಸರ್ವರ್‌ಗಳಲ್ಲಿ ಕೈಯಾರೆ ಆನ್ ಮಾಡಬೇಕಾಗಬಹುದು.

ಹಂತ 5: ಸಾಲು ಸಾಲಾಗಿಯೋ, ಕೀ ಕೀಯಾಗಿಯೋ?

ಐಕ್ಯಾನನ್ ಆನ್ ಇದ್ದಾಗ ಎಂಟರ್ ಒತ್ತುವವರೆಗೆ ಪ್ರೋಗ್ರಾಂಗೆ ಏನೂ ತಲುಪುವುದಿಲ್ಲ. ಲಿನಕ್ಸ್‌ನಲ್ಲಿ ಆ ಸಾಲಿಗೆ ಒಂದು ಮಿತಿ ಇದೆ: ಎಂಟರ್ ಸೇರಿ 4096 ಬೈಟ್. ಅದಕ್ಕಿಂತ ಉದ್ದದ ಸಾಲನ್ನು ಕ್ಯಾಟ್ ಒಳಗೆ ಪೇಸ್ಟ್ ಮಾಡಿದರೆ ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಮ್ಯಾಕ್‌ನಲ್ಲಿ ಈ ಮಿತಿ 1024. ಉದ್ದನೆಯ ಕೀಯನ್ನೋ ಜೇಸನ್ ಸಾಲನ್ನೋ ಸರ್ವರ್‌ಗೆ ಪೇಸ್ಟ್ ಮಾಡಿದ ಮೇಲೆ ಅದು ಕೆಲಸ ಮಾಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ದಾರಿ ಇದು. ಒಂದೊಂದಾಗಿ ಕೊಡಿ:

ಎಸ್‌ಟಿಟಿವೈ -ಐಕ್ಯಾನನ್
ಕ್ಯಾಟ್ > ಫೈಲಿನ ಹೆಸರು

ಪೇಸ್ಟ್ ಮಾಡಿ, ಎಂಟರ್ ಒತ್ತಿ, ಕಂಟ್ರೋಲ್-ಸಿಯಿಂದ ಹೊರಬನ್ನಿ. ಐಕ್ಯಾನನ್ ಇಲ್ಲದಾಗ ಕಂಟ್ರೋಲ್-ಡಿಗೆ ವಿಶೇಷ ಅರ್ಥ ಉಳಿಯುವುದಿಲ್ಲ, ಅದಕ್ಕೇ ಸಿ. ಕ್ಯಾಟ್ ಓದಿದ್ದನ್ನು ಆಗಾಗಲೇ ಬರೆಯುವುದರಿಂದ ಏನೂ ಕಳೆಯುವುದಿಲ್ಲ. ಆಮೇಲೆ 'ಎಸ್‌ಟಿಟಿವೈ ಐಕ್ಯಾನನ್'.

ಸ್ಕ್ರಿಪ್ಟಿನಲ್ಲಿ 'ಮುಂದುವರಿಯಲು ಯಾವುದಾದರೂ ಕೀ ಒತ್ತಿ' ಎಂಬಂಥದ್ದು ಬೇಕಾದಾಗ:

ಓಲ್ಡ್=$(ಎಸ್‌ಟಿಟಿವೈ -ಜಿ)
ಎಸ್‌ಟಿಟಿವೈ -ಐಕ್ಯಾನನ್ -ಎಕೋ ಮಿನ್ 1 ಟೈಮ್ 0
ಕೀ=$(ಡಿಡಿ ಬಿಎಸ್=1 ಕೌಂಟ್=1 2>/ಡೆವ್/ನಲ್)
ಎಸ್‌ಟಿಟಿವೈ "$ಓಲ್ಡ್"

ಮಿನ್ ಅಂದರೆ ಕನಿಷ್ಠ ಎಷ್ಟು ಬೈಟ್ ಬಂದ ಮೇಲೆ ಕೊಡಬೇಕು ಎಂಬುದು. ಟೈಮ್ ಅಂದರೆ ಎಷ್ಟು ಕಾಯಬೇಕು ಎಂಬುದು, ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಮಿನ್ 0, ಟೈಮ್ 50 ಕೊಟ್ಟರೆ 5 ಸೆಕೆಂಡ್ ಕಾದು ಬರಿಗೈಯಲ್ಲಿ ಮುಂದೆ ಹೋಗುತ್ತದೆ. ಇಲ್ಲಿ ಓದುತ್ತಿರುವುದು ಒಂದು ಬೈಟ್, ಒಂದು ಅಕ್ಷರವಲ್ಲ ಎಂಬುದು ನೆನಪಿರಲಿ. ಕನ್ನಡ 'ಹ' ಒತ್ತಿದರೆ ಮೂರನೇ ಒಂದು ಭಾಗ ಸಿಗುತ್ತದೆ. ಬಾಣದ ಕೀಗಳೂ ಸಾಮಾನ್ಯವಾಗಿ ಮೂರು ಬೈಟ್ ಕಳಿಸುತ್ತವೆ. ಉಳಿದ ಎರಡು ಬೈಟ್ ಮುಂದಿನ ಪ್ರೋಗ್ರಾಂ ಪಾಲಾಗುತ್ತದೆ.

ಗುಟ್ಟಿನ ಪಿನ್ ಕೇಳುವಾಗ ಸಾಲು ಬೇಕು, ಎಕೋ ಬೇಡ. ಅಲ್ಲಿ ಕಂಟ್ರೋಲ್-ಸಿ ಒತ್ತಿ ಹೊರಹೋದವರ ಟರ್ಮಿನಲ್ ಕುರುಡಾಗಬಾರದು. ಹಾಗಾಗಿ ಟ್ರಾಪ್ (ಸ್ಕ್ರಿಪ್ಟ್ ಮುಗಿಯುವಾಗ ಅಥವಾ ಸಿಗ್ನಲ್ ಬಂದಾಗ ಏನು ಮಾಡಬೇಕೆಂದು ಹೇಳಿಡುವ ಕಮಾಂಡ್) ಕಡ್ಡಾಯ. ಇನ್ನೊಬ್ಬರು ಬಳಸುವ ಸ್ಕ್ರಿಪ್ಟ್ ಬರೆಯುವವರು ಇದನ್ನು ಬಿಡುವುದು ಸರಿಯಲ್ಲ:

ಓಲ್ಡ್=$(ಎಸ್‌ಟಿಟಿವೈ -ಜಿ)
ಟ್ರಾಪ್ 'ಎಸ್‌ಟಿಟಿವೈ "$ಓಲ್ಡ್"' ಎಕ್ಸಿಟ್
ಟ್ರಾಪ್ 'ಎಕ್ಸಿಟ್ 1' ಐಎನ್‌ಟಿ ಟರ್ಮ್ ಹಪ್
ಎಸ್‌ಟಿಟಿವೈ -ಎಕೋ ಎಕೋಎನ್‌ಎಲ್
ರೀಡ್ -ಆರ್ ಪಿನ್
ಎಸ್‌ಟಿಟಿವೈ "$ಓಲ್ಡ್"

ಟ್ರಾಪ್ ಸಾಲುಗಳ ಕೊನೆಯಲ್ಲಿರುವ ಎಕ್ಸಿಟ್, ಐಎನ್‌ಟಿ, ಟರ್ಮ್, ಹಪ್ ಇವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಎಕೋಎನ್‌ಎಲ್ ಇದ್ದರೆ ಅಕ್ಷರ ಕಾಣದಿದ್ದರೂ ಎಂಟರ್ ಒತ್ತಿದಾಗ ಸಾಲು ಮಾತ್ರ ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಮುಂದಿನ ಔಟ್‌ಪುಟ್ ಅದೇ ಸಾಲಿಗೆ ಅಂಟಿಕೊಳ್ಳುತ್ತದೆ. ಪೈಥಾನ್‌ನಲ್ಲಿ ಬರೆಯುವವರು ಟರ್ಮಿಯೋಸ್ ಮಾಡ್ಯೂಲಿನಿಂದ ಹಳೆಯದನ್ನು ಓದಿಟ್ಟು, ಫೈನಲಿ ಭಾಗದಲ್ಲಿ ವಾಪಸ್ ಇಡಿ. ತತ್ವ ಅದೇ.

'ರಾ' ಎಂಬ ಒಂದೇ ಪದ ಇನ್ನೂ ಮುಂದೆ ಹೋಗುತ್ತದೆ. ಕಂಟ್ರೋಲ್-ಸಿ ಸಿಗ್ನಲ್ ಕೂಡ ನಿಲ್ಲುತ್ತದೆ, ಔಟ್‌ಪುಟ್ ತಿದ್ದುಪಡಿಯೂ ನಿಲ್ಲುತ್ತದೆ. ಸಿಗ್ನಲ್ ಉಳಿಯಬೇಕಾದರೆ 'ಸಿಬ್ರೇಕ್' ಬಳಸಿ.

ಹಂತ 6: ಹೊರಹೋಗುವ ಕಡೆ

ಇಲ್ಲಿ ಮುಖ್ಯವಾದವು ಎರಡೇ. 'ಓಪೋಸ್ಟ್' ಔಟ್‌ಪುಟ್ ತಿದ್ದುಪಡಿಯ ಮೇನ್ ಸ್ವಿಚ್. 'ಓಎನ್‌ಎಲ್‌ಸಿಆರ್' ಪ್ರತಿ ಹೊಸ ಸಾಲಿಗೂ 'ಎಡಕ್ಕೆ ಬಾ' ಎಂಬ ಸಂಕೇತ ಸೇರಿಸುತ್ತದೆ. ಇವೆರಡರಲ್ಲಿ ಒಂದು ಆಫ್ ಆದರೂ ಕರ್ಸರ್ ಕೆಳಗೆ ಇಳಿಯುತ್ತದೆ, ಎಡಕ್ಕೆ ಬರುವುದಿಲ್ಲ. ಮೆಟ್ಟಿಲಿನ ಗುಟ್ಟು ಇದೇ. 'ಎಸ್‌ಟಿಟಿವೈ ಓಪೋಸ್ಟ್ ಓಎನ್‌ಎಲ್‌ಸಿಆರ್' ಕೊಟ್ಟರೆ ಸರಿಹೋಗುತ್ತದೆ.

ವಿಂಡೋ ಅಳತೆ ಬದಲಾದಾಗ ಎಮ್ಯುಲೇಟರ್ ತಾನೇ ಕರ್ನಲ್‌ಗೆ ಹೇಳುತ್ತದೆ. ಸೀರಿಯಲ್ ಕನ್ಸೋಲ್, ವರ್ಚುವಲ್ ಮಷಿನ್ ಕನ್ಸೋಲ್‌ಗಳಲ್ಲಿ ಹೇಳುವವರು ಯಾರೂ ಇಲ್ಲ. ಅಲ್ಲಿ ವಿಮ್ ಪರದೆಯ ಒಂದು ಮೂಲೆಯಲ್ಲಷ್ಟೇ ತೆರೆದುಕೊಂಡರೆ, ಉದ್ದನೆಯ ಸಾಲು ತನ್ನ ಮೇಲೆ ತಾನೇ ಬರೆದುಕೊಂಡರೆ, 'ಎಸ್‌ಟಿಟಿವೈ ಸೈಜ್' ನೋಡಿ. 0 0 ಬಂದರೂ ಆಶ್ಚರ್ಯವಿಲ್ಲ. ನಿಜವಾದ ಅಳತೆಯನ್ನು ಪಕ್ಕದ ಮಾಮೂಲಿ ವಿಂಡೋದಲ್ಲಿ ನೋಡಿಕೊಂಡು ಇಲ್ಲಿ ಕೊಡಿ:

ಎಸ್‌ಟಿಟಿವೈ ರೋಸ್ 50 ಕಾಲ್ಸ್ 132

ಹಂತ 7: ಸೀರಿಯಲ್ ಪೋರ್ಟ್

ಆರ್ಡುಯಿನೋ, ಇಎಸ್‌ಪಿ32, ರೌಟರ್ ಕನ್ಸೋಲ್ ಜೊತೆ ಕೆಲಸ ಮಾಡುವವರಿಗೆ ವೇಗದ ಅಂಕಿಗೆ ಇಲ್ಲಿ ನಿಜವಾದ ಅರ್ಥವಿದೆ. ಆರ್ಡುಯಿನೋ ಉನೋ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ /ಡೆವ್/ಟಿಟಿವೈಎಸಿಎಂ0 ಎಂದು ಬರುತ್ತದೆ. ಸಿಎಚ್340 ಅಥವಾ ಸಿಪಿ2102 ಚಿಪ್ ಇರುವ ಬೋರ್ಡ್ /ಡೆವ್/ಟಿಟಿವೈಯುಎಸ್‌ಬಿ0 ಎಂದು ಬರುತ್ತದೆ. ಎಸಿಎಂ, ಯುಎಸ್‌ಬಿ ದೊಡ್ಡಕ್ಷರ. ಅನುಮತಿ ಇಲ್ಲ ಎಂದರೆ ಉಬುಂಟು, ಡೆಬಿಯನ್‌ನಲ್ಲಿ ನಿಮ್ಮನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿಕೊಂಡು ಮತ್ತೆ ಲಾಗಿನ್ ಆಗಿ.

ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಯುಎಸ್‌ಬಿ0 115200 ರಾ -ಎಕೋ ಸಿಎಸ್8 -ಪಾರ್‌ಎನ್‌ಬಿ -ಸಿಸ್ಟಾಪ್‌ಬಿ -ಸಿಆರ್‌ಟಿಎಸ್‌ಸಿಟಿಎಸ್

ಲಿನಕ್ಸ್‌ನಲ್ಲಿ ಈ ಎಫ್ ದೊಡ್ಡದು, ಮ್ಯಾಕ್‌ನಲ್ಲಿ ಸಣ್ಣದು. ಸಿಎಸ್8 ಅಂದರೆ ಎಂಟು ಡೇಟಾ ಬಿಟ್. ಪಾರ್‌ಎನ್‌ಬಿ ಪ್ಯಾರಿಟಿ, ಸಿಸ್ಟಾಪ್‌ಬಿ ಎರಡನೆಯ ಸ್ಟಾಪ್ ಬಿಟ್, ಕೊನೆಯದು ಹಾರ್ಡ್‌ವೇರ್ ಹರಿವಿನ ನಿಯಂತ್ರಣ. ಮೂರೂ ಆಫ್. ಈ ಲೆಕ್ಕದಲ್ಲಿ ಒಂದು ಬೈಟಿಗೆ ತಂತಿಯ ಮೇಲೆ 10 ಬಿಟ್ ಖರ್ಚು. ಹಾಗಾಗಿ 9600 ಬಾಡ್ ಅಂದರೆ ಸೆಕೆಂಡಿಗೆ 960 ಬೈಟ್, 115200 ಅಂದರೆ 11520. ಬರುವ ಅಕ್ಷರಗಳು ಅರ್ಥವಿಲ್ಲದ ಕಸವಾಗಿದ್ದರೆ ಬಹುಪಾಲು ವೇಗ ತಪ್ಪಿದೆ ಎಂದೇ ಅರ್ಥ.

ಆ '-ಎಕೋ' ಬಗ್ಗೆ ಒತ್ತಿ ಹೇಳಬೇಕು. 'ರಾ' ಅಂದ ಮಾತ್ರಕ್ಕೆ ಲಿನಕ್ಸ್‌ನಲ್ಲಿ ಎಕೋ ಆಫ್ ಆಗುವುದಿಲ್ಲ. ಎಕೋ ಆನ್ ಉಳಿದರೆ ಬೋರ್ಡ್ ಕಳಿಸಿದ ಪ್ರತಿ ಬೈಟನ್ನೂ ಕರ್ನಲ್ ಬೋರ್ಡಿಗೇ ತಿರುಗಿ ಕಳಿಸುತ್ತದೆ. ಬೋರ್ಡ್ ಅದನ್ನು ನಿಮ್ಮ ಕಮಾಂಡ್ ಎಂದುಕೊಂಡು ಉತ್ತರ ಕೊಡುತ್ತದೆ, ಆ ಉತ್ತರವೂ ವಾಪಸ್ ಹೋಗುತ್ತದೆ. ಬೋರ್ಡಿನ ಕೋಡಿನಲ್ಲಿ ಎಷ್ಟು ಹುಡುಕಿದರೂ ಈ ತಪ್ಪು ಸಿಗುವುದಿಲ್ಲ, ಏಕೆಂದರೆ ಅದು ಅಲ್ಲಿ ಇಲ್ಲವೇ ಇಲ್ಲ.

ಪೋರ್ಟ್ ತೆರೆದಾಗಲೆಲ್ಲ ಆರ್ಡುಯಿನೋ ಉನೋ ರೀಸೆಟ್ ಆಗುತ್ತಿದ್ದರೆ '-ಹಪ್‌ಸಿಎಲ್' ಸೇರಿಸಿ. ಪೋರ್ಟ್ ಮುಚ್ಚುವಾಗ ಡಿಟಿಆರ್ ತಂತಿ (ಕಂಪ್ಯೂಟರ್ ಸಿದ್ಧವಿದೆ ಎಂದು ಬೋರ್ಡಿಗೆ ತಿಳಿಸುವುದು) ಇಳಿಯದೆ ಉಳಿಯುತ್ತದೆ, ಮುಂದಿನ ಸಲ ತೆರೆದಾಗ ರೀಸೆಟ್ ಆಗುವುದಿಲ್ಲ. ಮ್ಯಾಕ್‌ನಲ್ಲಿ ಪೋರ್ಟ್ ಮುಚ್ಚಿದ ಕೂಡಲೇ ಸೆಟ್ಟಿಂಗ್‌ಗಳು ಹಳೆಯ ಸ್ಥಿತಿಗೆ ಹೋಗುತ್ತವೆ. ಅಲ್ಲಿ ಒಂದು ಪ್ರೋಗ್ರಾಂ ಪೋರ್ಟನ್ನು ತೆರೆದಿಟ್ಟಿರುವಾಗಲೇ ಬದಲಿಸಬೇಕು.

ಹಂತ 8: ಪ್ರತಿ ಸಲ ಟೈಪ್ ಮಾಡದಿರಲು

ಬೇಕಾದ ಸೆಟ್ಟಿಂಗನ್ನು ಮನೆ ಫೋಲ್ಡರಿನ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಹಾಕಿ. ಆದರೆ ಹೀಗೆ:

[ -ಟಿ 0 ] && ಎಸ್‌ಟಿಟಿವೈ -ಐಎಕ್ಸ್‌ಆನ್

ಮುಂದಿರುವ ಪರೀಕ್ಷೆ 'ಇನ್‌ಪುಟ್ ನಿಜವಾಗಿ ಟರ್ಮಿನಲ್ ಆಗಿದ್ದರೆ ಮಾತ್ರ' ಎನ್ನುತ್ತದೆ. ಅದಿಲ್ಲದಿದ್ದರೆ ಫೈಲ್ ಕಾಪಿಯಂಥ ಟರ್ಮಿನಲ್ ಇಲ್ಲದ ಕೆಲಸಕ್ಕೆ ಎಸ್‌ಎಸ್‌ಎಚ್ ಲಾಗಿನ್ ಆದಾಗ 'ಇನ್‌ಅಪ್ರೋಪ್ರಿಯೇಟ್ ಐಓಸಿಟಿಎಲ್ ಫಾರ್ ಡಿವೈಸ್' ಎಂಬ ದೂರು ಬರುತ್ತದೆ. ಎರೇಸ್, ಸಾಲು ಅಳಿಸುವ ಕಿಲ್‌ನಂಥ ಕೀಗಳನ್ನು ಬದಲಿಸಿದರೆ ಬ್ಯಾಷ್‌ನ ರೀಡ್‌ಲೈನೂ ಅವನ್ನು ನೋಡಿ ತನ್ನದನ್ನು ಹೊಂದಿಸಿಕೊಳ್ಳುತ್ತದೆ. ಎರಡು ಕಡೆ ಬರೆಯಬೇಕಿಲ್ಲ.

ಕೆಟ್ಟುಹೋದಾಗ ಮಾಡುವ ಕ್ರಮ

ಪರದೆ ಸ್ತಬ್ಧವಾಗಿದ್ದರೆ ಮೊದಲು ಕಂಟ್ರೋಲ್-ಕ್ಯೂ. ಏನೂ ಆಗದಿದ್ದರೆ ಕಂಟ್ರೋಲ್-ಸಿ.

ಟೈಪ್ ಮಾಡಿದ್ದು ಕಾಣದಿದ್ದರೆ ಅಥವಾ ಮೆಟ್ಟಿಲು ಬರುತ್ತಿದ್ದರೆ, ಕಾಣದಿದ್ದರೂ ಪರವಾಗಿಲ್ಲ, ಕುರುಡಾಗಿಯೇ ಬರೆಯಿರಿ:

ಎಸ್‌ಟಿಟಿವೈ ಸೇನ್

ಸೇನ್ (ಎಸ್, ಎ, ಎನ್, ಇ) ಅಂದರೆ ಮಾಮೂಲಿ ಸ್ಥಿತಿಗೆ ಬಾ ಎಂದು. ಬರೆಯುವ ಮೊದಲು ಒಂದು ಸಲ ಎಂಟರ್ ಒತ್ತಿ, ಹಿಂದೆ ಉಳಿದ ಚೂರು ಅಕ್ಷರಗಳು ಹೋಗಲಿ. ಎಂಟರ್ ಒತ್ತಿದಾಗ ^ಎಂ ಮೂಡುತ್ತಿದ್ದರೆ, ಅಥವಾ ಏನೂ ಆಗದಿದ್ದರೆ, ಐಸಿಆರ್‌ಎನ್‌ಎಲ್ ಆಫ್ ಆಗಿದೆ. ಎಂಟರ್ ಕೀ ಕಳಿಸುವ ಬೈಟನ್ನು ಹೊಸ ಸಾಲಾಗಿ ಬದಲಿಸುವವರಿಲ್ಲ. ಆಗ ಎಂಟರ್ ಬದಲು ಕಂಟ್ರೋಲ್-ಜೆ ಬಳಸಿ, ಅದು ಹೊಸ ಸಾಲಿನ ಬೈಟನ್ನೇ ನೇರವಾಗಿ ಕಳಿಸುತ್ತದೆ. ಕಂಟ್ರೋಲ್-ಜೆ, ಎಸ್‌ಟಿಟಿವೈ ಸೇನ್, ಮತ್ತೆ ಕಂಟ್ರೋಲ್-ಜೆ.

ಚಿತ್ರದ ಫೈಲನ್ನೋ ಜಿಪ್ ಫೈಲನ್ನೋ ಕ್ಯಾಟ್ ಮಾಡಿ ಅಕ್ಷರಗಳೆಲ್ಲ ಗೆರೆ, ಚೌಕಗಳಾಗಿದ್ದರೆ ಸೇನ್ ಸಾಲದು. ಕೆಟ್ಟಿರುವುದು ಕರ್ನಲ್ ಅಲ್ಲ, ವಿಂಡೋ. ಅಲ್ಲಿಗೆ 'ರೀಸೆಟ್' ಕಮಾಂಡ್. ಅದು ಕರ್ನಲ್ ಸೆಟ್ಟಿಂಗ್ ಸರಿಪಡಿಸಿ, ವಿಂಡೋಗೂ ಮೊದಲಿನ ಸ್ಥಿತಿಗೆ ಬಾ ಎಂಬ ಸಂಕೇತ ಕಳಿಸುತ್ತದೆ.

ಸೇನ್ ನಿಮ್ಮ ಕೀ ಬದಲಾವಣೆಗಳನ್ನು ಅಳಿಸಿಹಾಕಬಹುದು. ಅದಾದ ಮೇಲೆ ಬ್ಯಾಷ್‌ಆರ್‌ಸಿಯನ್ನು ಒಮ್ಮೆ ಸೋರ್ಸ್ ಮಾಡಿ, ಅಂದರೆ 'ಸೋರ್ಸ್' ಕಮಾಂಡಿನಿಂದ ಮತ್ತೆ ಓದಿಸಿ.

ಒಳಗೆ ಮುಖ್ಯ ಕೆಲಸ ಓಡುತ್ತಿದೆ, ಆ ವಿಂಡೋ ಯಾವ ಕೀಗೂ ಉತ್ತರ ಕೊಡುತ್ತಿಲ್ಲ ಎಂದಾದರೆ ಇನ್ನೊಂದು ವಿಂಡೋ ತೆರೆಯಿರಿ. 'ಪಿಎಸ್ -ಎ' ಕೊಟ್ಟರೆ ಯಾವ ಪ್ರೋಗ್ರಾಂ ಯಾವ ಸಾಧನದ ಮೇಲಿದೆ ಎಂದು ಕಾಣುತ್ತದೆ. ಆ ಅಂಕಿ ಹಾಕಿ:

ಎಸ್‌ಟಿಟಿವೈ ಸೇನ್ < /ಡೆವ್/ಪಿಟಿಎಸ್/3

ಅಲ್ಲಿ ವಿಮ್‌ನಂಥ ಪೂರ್ತಿ ಪರದೆಯ ಪ್ರೋಗ್ರಾಂ ಇನ್ನೂ ಜೀವಂತವಾಗಿದ್ದರೆ ಹೀಗೆ ಹೊರಗಿನಿಂದ ಮುಟ್ಟಬೇಡಿ. ಅದಕ್ಕೆ ಬೇಕಾದ ಸೆಟ್ಟಿಂಗನ್ನೇ ಕಿತ್ತಂತಾಗುತ್ತದೆ. ಮೊದಲು 'ಕಿಲ್' ಕಮಾಂಡಿನಿಂದ ಅದಕ್ಕೆ ಟರ್ಮ್ ಸಿಗ್ನಲ್ ಕಳಿಸಿ. ವಿಮ್ ಉಳಿಸದ ಬರಹವನ್ನು ಸ್ವಾಪ್ ಫೈಲಿನಲ್ಲಿ ಬಿಟ್ಟು ತಾನೇ ಹೊರಬರುತ್ತದೆ. ಪ್ರಾಂಪ್ಟ್ ಕಂಡ ಮೇಲೂ ಸಾಲುಗಳು ಸರಿಯಿಲ್ಲದಿದ್ದರೆ ಆಗ ಸೇನ್ ಕೊಡಿ.